ರೋಸಾ ಹೊತ್ತು ತಂದ ಕದಿರು

ನಿನ್ನೆ ಟಪಾಲಿನಲ್ಲಿ ಅಮೆರಿಕದಿಂದ ಒಂದು ಬಣ್ಣದ ಫೋಟೋ ಬಂತು. ಉದ್ದನೆಯ ಮೇಜಿನ ಸುತ್ತ ಹನ್ನೊಂದು ಜನ, ನಡುವೆ ಬಿಳಿಗೂದಲಿನ ರೋಸಾ, ನನ್ನ ದೊಡ್ಡಪ್ಪನ ಮಗಳು. ನನಗೆ ಮೊದಲು ಕಂಡದ್ದು ಮುಖಗಳಲ್ಲ, ಮೇಜಿನ ಬಟ್ಟೆಯ ಮೇಲಿದ್ದ ಸಾರಿನ ಕಲೆ. ಮನೆವಾರ್ತೆ ಮಾಡಿ ಮಾಡಿ ಕಣ್ಣೇ ಹಾಗಾಗಿದೆ, ಏನು ಮಾಡುವುದು ಹೇಳಿ. ಹಿಂಬದಿಯಲ್ಲಿ ಪೆನ್ಸಿಲಿನಿಂದ ಎಲ್ಲರ ಪರಿಚಯ ಬರೆದಿದ್ದಾಳೆ. ದೊಡ್ಡ ಮಗ ಕ್ರೈಸ್ತ, ಇಗರ್ಜಿಗೆ ಹೋಗುತ್ತಾನೆ. ಎರಡನೆಯವನ ಹೆಂಡತಿ ಯಹೂದಿ, ಮಕ್ಕಳೂ ಅವಳ ಹಾದಿಯೇ. ಮಗಳು ಬುದ್ಧನ ಧ್ಯಾನ ಕಲಿತಿದ್ದಾಳೆ. ಮೊಮ್ಮಗಳೊಬ್ಬಳು ಯಾರು ಕೇಳಿದರೂ 'ಯಾವುದೂ ಇಲ್ಲ' ಅನ್ನುತ್ತಾಳಂತೆ. ಕೊನೆಗೊಂದು ಸಾಲು: "ನಿಮ್ಮ ಮನೆಯಲ್ಲಿ ಈಗ ಹೇಗೆ?"

ಪ್ರತಿ ಕಾಗದದಲ್ಲೂ ಕೇಳುತ್ತಾಳೆ. ಪ್ರತಿ ಸಲವೂ ನಾನು "ನಾವೆಲ್ಲ ಮೊದಲಿನ ಹಾಗೇ ಇದ್ದೇವೆ" ಎಂದು ಬರೆದು ಅಂಟು ಹಚ್ಚಿಬಿಡುತ್ತೇನೆ.

ಮೊದಲು ಹೇಗಿದ್ದೆವು ಎಂದು ನಿಮಗಾದರೂ ಹೇಳಬೇಕು. ಮೂವತ್ತರ ದಶಕದ ನಡುವಿನ ಮಾತು, ನನಗೆ ಹದಿಮೂರು. ಅಪ್ಪ ಕಾರವಾರದ ಕಚೇರಿಯಲ್ಲಿ ಗುಮಾಸ್ತರು, ನಾನು ಅಲ್ಲಿಯ ಕ್ರೈಸ್ತ ಸಿಸ್ಟರರ ಇಂಗ್ಲಿಷ್ ಶಾಲೆಯಲ್ಲಿ. ಅಜ್ಜಿ ಅಂಕೋಲೆಯ ಹತ್ತಿರ ಬೊಬ್ರುವಾಡದಲ್ಲಿ ಗದ್ದೆ ನೋಡಿಕೊಂಡಿದ್ದಳು. ಹಡಗಿನಲ್ಲಿ ಅಡಿಗೆಯವನಾಗಿ ಹೋದ ದೊಡ್ಡಪ್ಪ ಕ್ಯಾಲಿಫೋರ್ನಿಯಾದಲ್ಲಿ ಇಳಿದು, ಮೆಕ್ಸಿಕೋದವಳೊಬ್ಬಳನ್ನು ಮದುವೆಯಾಗಿದ್ದ. ಇಪ್ಪತ್ತು ವರ್ಷದ ಮೇಲೆ ಮುಂಬಯಿಗೆ ಬಂದವನು ಅಲ್ಲೇ ಕಾಯಿಲೆ ಮಲಗಿ, ಮಗಳನ್ನಷ್ಟೇ, ನೋಡಲು ಹೋಗಿದ್ದ ನನ್ನ ಅಪ್ಪನೊಂದಿಗೆ ಬೋಟಿನಲ್ಲಿ ಕಳಿಸಿದ. ಕಾರವಾರದ ಬಂದರದಲ್ಲಿ ಅವಳು ಇಳಿದಾಗ ನಾನು ಉಸಿರು ಬಿಡುವುದನ್ನೇ ಮರೆತಿದ್ದೆ. ಹದಿನಾರು ವರ್ಷ, ಕತ್ತರಿಸಿದ ಕೂದಲು, ನಮ್ಮ ಅಜ್ಜಿಯದೇ ಮೂಗು. ಮೂಗು ಸಮುದ್ರ ದಾಟಿಯೂ ಕೆಟ್ಟಿರಲಿಲ್ಲ.

ನಮ್ಮಿಬ್ಬರನ್ನೂ ಬೊಬ್ರುವಾಡಕ್ಕೆ ಬಿಟ್ಟು ಅಪ್ಪ ಕಚೇರಿಗೆ ಮರಳಿದರು. ಇನ್ನು ಆ ಮನೆಯಲ್ಲಿ ಇಂಗ್ಲಿಷ್ ಬಲ್ಲವಳು ನಾನೊಬ್ಬಳೇ. ನನ್ನ ಗತ್ತು ನೀವು ನೋಡಬೇಕಿತ್ತು. ನೀರು ಬೇಕೇ ಎಂದು ಕೇಳುವುದಕ್ಕೂ ಗಂಟಲು ಸರಿಮಾಡಿಕೊಳ್ಳುತ್ತಿದ್ದೆ.

ಮೂರನೆಯ ದಿನ ಅಜ್ಜಿ ಜಗಲಿಯಲ್ಲಿ ಕೂತು ಕೇಳಿದಳು: "ಅವ್ಳ ದೇವ್ರು ಯಾವ್ದು, ಕೇಳು. ನಾಡಿದ್ದು ಹೊಸ್ತು. ನಮ್ಮ ದೇವ್ರಿಗೆ ನಡಕೊಳ್ಳೋಳಾದ್ರೆ ಒಳಗೆ ಪಂಕ್ತಿಲಿ ಎಲೆ. ಇಲ್ದಿದ್ರೆ ಇಲ್ಲೇ ಜಗಲಿ ಮೇಲೆ. ನಂಗೂ ಬ್ಯಾಸರಾನೇ, ಆದ್ರೆ ಎಂತ ಮಾಡೂದು?"

ಹೊಸ್ತು ಎಂದರೆ ಹೊಸ ಅಕ್ಕಿಯ ಊಟ. ಗದ್ದೆಯಿಂದ ಮೊದಲ ಕದಿರು, ಅಂದರೆ ಭತ್ತದ ತೆನೆ, ತಂದು ಬಾಗಿಲಿಗೆ, ಕಣಜಕ್ಕೆ ಕಟ್ಟಿ, ಹೊಸ ಅಕ್ಕಿಯ ಪಾಯಸ ಮಾಡುತ್ತಾರೆ. ತುತ್ತೆತ್ತುವ ಮೊದಲು ಪ್ರತಿಯೊಬ್ಬರೂ ಹಿರಿಯರನ್ನು "ಹೊಸ್ತು ಉಣ್ತೆ" ಎಂದು ಕೇಳಬೇಕು. ಅವರು "ಉಣ್ಣು" ಅನ್ನಬೇಕು. ಹಾಗೆ ಅನ್ನಿಸಿಕೊಂಡವರು ಮನೆಯವರು.

ನಾನು ಕೇಳಿದೆ. ರೋಸಾ ಬೆರಳು ಮಡಚುತ್ತ ಉತ್ತರ ಕೊಟ್ಟಳು. ತಾಯಿಯ ತಾಯಿ ಮೇರಿಮಾತೆಗೆ ಮೇಣದಬತ್ತಿ ಹಚ್ಚುತ್ತಾಳೆ. ತಾಯಿ ಅದನ್ನು ಬಿಟ್ಟು, ಹಾಡು ಚೆನ್ನಾಗಿರುವ ಇನ್ನೊಂದು ಇಗರ್ಜಿಗೆ ಹೋಗುತ್ತಾಳೆ. ಅವಳ ಅಪ್ಪ ಊಟಕ್ಕೆ ಮೊದಲು ತಟ್ಟೆಯ ಪಕ್ಕ ನಾಲ್ಕು ಅಗುಳು ಇಟ್ಟು ಕಣ್ಣು ಮುಚ್ಚುತ್ತಾನೆ. ಶುಕ್ರವಾರ ಸಂಜೆ ಯಹೂದಿ ಗೆಳತಿಯ ಮನೆಯಲ್ಲಿ ದೀಪ ಹಚ್ಚಿ ರೊಟ್ಟಿ ಮುರಿಯುತ್ತಾರೆ, ಅದೂ ತನಗೆ ಇಷ್ಟ. "ನಾನಿನ್ನೂ ಆರಿಸಿಕೊಂಡಿಲ್ಲ," ಎಂದಳು.

ಆರಿಸಿಕೊಳ್ಳುವುದು! ನನಗೆ ಮೈಯೆಲ್ಲ ಜುಮ್ಮೆಂದಿತು. ಶಾಲೆಯಲ್ಲಿ ಮಧ್ಯಾಹ್ನದ ಗಂಟೆಗೆ ಮೇರಿಯ ಪ್ರಾರ್ಥನೆ ಹೇಳಿ, ಮನೆಗೆ ಬಂದು ತುಳಸಿಗೆ ದೀಪ ಇಡುತ್ತಿದ್ದ ನಾನು ಅದನ್ನು ಯಾರಿಗೂ ಹೇಳಿರಲಿಲ್ಲ. ಇವಳು ಜಗಲಿಯಲ್ಲಿ ಕೂತು, ಕಾಲು ಆಡಿಸುತ್ತ, ಹಲಸಿನ ಹಪ್ಪಳ ಮುರಿಯುತ್ತ ಹೇಳುತ್ತಿದ್ದಾಳೆ.

"ಎಂತ ಅಂತೆ?" ಅಜ್ಜಿ ಕೇಳಿದಳು.

"ನಮ್ಮ ದೇವ್ರೇ ಅಂತೆ ಅಜ್ಜಿ."

"ಇಷ್ಟುದ್ದ ಮಾತಾಡಿದ್ಳಲ್ಲೆ."

"ಇಂಗ್ಲಿಷು ಹಾಂಗೇ ಅಜ್ಜಿ, ಉದ್ದ."

ಅಜ್ಜಿಗೆ ಎಷ್ಟು ಸಂತೋಷವಾಯಿತೆಂದರೆ, ಪಂಕ್ತಿಯೊಂದೇ ಸಾಲದು, ಈ ಸಲ ಕದಿರು ಹೊತ್ತು ತರುವವಳೂ ಹಿರಿಯ ಮೊಮ್ಮಗಳೇ ಎಂದುಬಿಟ್ಟಳು.

ಹೊಸ್ತಿನ ಬೆಳಿಗ್ಗೆ ರೋಸಾ ನನ್ನ ಪರಕಾರದ ಲಂಗ ತೊಟ್ಟು, ತಲೆಯ ಮೇಲೆ ಕದಿರಿನ ಹರಿವಾಣ ಹೊತ್ತು, ಗದ್ದೆಯ ಬದುವಾದ ಹಾಳಿಯ ಮೇಲೆ ಬರಿಗಾಲಲ್ಲಿ ನಡೆದುಬಂದಳು. ಹೊತ್ತವರು ಮಾತಾಡುವಂತಿಲ್ಲ, ನಾನು ಕಲಿಸಿದ್ದೆ, ಅವಳು ತುಟಿ ಬಿಚ್ಚಲಿಲ್ಲ. ಹೊಸ್ತಿಲ ಮುಂದೆ ನಿಂತಳು. ಅಜ್ಜಿ ಕಾಲಿಗೆ ನೀರೆರೆದಳು. ಆಗ ರೋಸಾ ಒಂದು ಕೈಯಿಂದ ಹರಿವಾಣ ಹಿಡಿದುಕೊಂಡು, ಇನ್ನೊಂದು ಕೈಯಿಂದ ಹಣೆ, ಎದೆ, ಎಡ ಭುಜ, ಬಲ ಭುಜ ಮುಟ್ಟಿ ಶಿಲುಬೆಯ ಗುರುತು ಮಾಡಿಕೊಂಡಳು. ಪವಿತ್ರವಾದದ್ದನ್ನು ಹೊತ್ತಾಗ ಹಾಗೆ ಮಾಡಬೇಕೆಂದು ಅವಳಿಗೆ ತಾಯಿಯ ತಾಯಿ ಕಲಿಸಿದ್ದಳು.

ಅಜ್ಜಿ ತಂಬಿಗೆ ಹಿಡಿದು ನನ್ನತ್ತ ತಿರುಗಿದಳು. "ನೀ ನಂಗೆ ಎಂತ ಹೇಳಿದ್ದೆ?"

ರೋಸಾ ಮಾತಾಡುವಂತಿಲ್ಲ. ಹೇಳಬೇಕಾದವಳು ನಾನೇ. ಮೇಣದಬತ್ತಿ, ಹಾಡು, ನಾಲ್ಕು ಅಗುಳು, ಶುಕ್ರವಾರದ ರೊಟ್ಟಿ, ಒಂದೂ ಬಿಡದೆ ಅಳುತ್ತ ಹೇಳಿದೆ. ರೋಸಾ ಹರಿವಾಣಕ್ಕೆ ಇನ್ನೊಂದು ಕೈಯನ್ನೂ ಕೊಟ್ಟಳು. ಹರಿವಾಣದ ಭಾರವೋ, ನನ್ನ ಅಳುವೋ.

"ಆ ನಾಲ್ಕ್ ಅಗುಳು," ಅಜ್ಜಿ ಕೇಳಿದಳು, "ಇನ್ನೂ ಇಡ್ತಾನಾ ಅವ?"

"ದಿನಾ ಇಡ್ತ್ರಂತೆ."

ಅಜ್ಜಿ ತಂಬಿಗೆ ಕೆಳಗಿಟ್ಟಳು. ಆಮೇಲೆ, "ತಲೆ ಮೇಲಿದ್ದ ಕದಿರು ಹೊರಗೆ ಇಳಿಸೂಕಾಗ. ಬರೂಕೆ ಹೇಳು, ಕುತ್ತಿಗೆ ನೋಯ್ತದೆ ಹುಡ್ಗಿಗೆ," ಎಂದಳು.

ಪಂಕ್ತಿಯಲ್ಲಿ ರೋಸಾ, ನಾನು ಕಲಿಸಿದ್ದನ್ನು ತನ್ನ ನಾಲಿಗೆಗೆ ಬಂದಂತೆ ಹೇಳಿದಳು: "ಒಸ್ತು ಉಂತೆ."

"ಉಣ್ಣು ಮಗಾ."

ನನ್ನ ಸರದಿ ಬಂದಾಗ ಅಜ್ಜಿ ಪಾಯಸದ ಸೌಟನ್ನು ಪಾತ್ರೆಗೆ ಮರಳಿಸಿದಳು. "ನೀನೂ ಶಾಲೇಲಿ ಹಾಂಗೇ ಕೈ ಮಾಡ್ತ್ಯಲ್ಲ?"

ಹೌದೆಂದೆ.

"ನಂಗೊತ್ತು. ಮಳೆಗಾಲದಲ್ಲಿ ಜ್ವರ ಬಂದು ಬಡಬಡಿಸ್ತಿದ್ದೆ, ಆ ಮೇರಿನೇ ಕರ್ದೆ. ನಾನೂ ಕೈ ಮುಗ್ದೆ, ಜ್ವರ ಇಳೀಲಿ ಅಂತ. ಅದ್ಕೆ ಎಂತ ಇಲ್ಲ. ಸುಳ್ಳು ಹೇಳ್ದ್ಯಲ್ಲ, ಎಲ್ರದ್ದೂ ಆದ್ಮೇಲೆ ಉಣ್ಣು."

ಎಲ್ಲರೂ ಉಂಡು ಕೈ ತೊಳೆದ ಮೇಲೆ ನಾನೊಬ್ಬಳೇ ಉಂಡೆ. ಪಾಯಸ ಆರಿತ್ತು. ಅಂಥ ರುಚಿ ಮತ್ತೆ ಸಿಕ್ಕಿಲ್ಲ.

ಇಷ್ಟಾದರೂ ನಾನು ಕಲಿತದ್ದು ಅಷ್ಟರಲ್ಲೇ ಇದೆ. ಮದುವೆಯಾಗಿ ಬಂದ ಮನೆಯಲ್ಲಿ ಮತ್ತೆ ಬಾಯಿ ಮುಚ್ಚಿಕೊಂಡೆ. ಇವತ್ತು ಕಾಗದ ಬರೆಯಲು ಕೂತವಳು "ನಾವೆಲ್ಲ ಮೊದಲಿನ" ಎಂದು ಬರೆದದ್ದನ್ನು ಹೊಡೆದುಹಾಕಿ, ಬೇರೆ ಬರೆದೆ: ಮಗನಿಗೆ ದೇವರ ಗೊಡವೆಯಿಲ್ಲ, ಸೊಸೆ ಸೋಮವಾರ ಉಪವಾಸ ಮಾಡುತ್ತಾಳೆ, ನಾನು ದಿನಾ ಮಧ್ಯಾಹ್ನ ಒಲೆಯ ಮುಂದೆ ಮನಸ್ಸಿನಲ್ಲೇ ಮೇರಿಯ ಪ್ರಾರ್ಥನೆ ಹೇಳುತ್ತೇನೆ, ಇದು ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಬರೆದು, ಅಂಟು ಹಚ್ಚದೆ ಸೊಸೆಯ ಕೈಗೆ ಕೊಟ್ಟೆ.

ಅವಳು ಎರಡು ಸಲ ಓದಿದಳು. "ಅತ್ತೆ, ಆ ಪ್ರಾರ್ಥನೇನ ಒಂದ್ಸಲ ಬಾಯ್ಬಿಟ್ಟು ಹೇಳಿ ನೋಡ್ವಾ."

ಹೇಳತೊಡಗಿದೆ. ದನಿ ಹದಿಮೂರರ ಹುಡುಗಿಯದಂತೆ ಒಡೆಯಿತು. ಅರ್ಧಕ್ಕೆ ಕುಕ್ಕರು ಕೂಗಿತು. ಅವಳು ಎದ್ದು ಹೋಗಿ ಒಲೆ ಆರಿಸಿ, ಸೆರಗಿಗೆ ಕೈ ಒರೆಸುತ್ತ ಬಂದು ನನ್ನೆದುರು ಕೂತು, "ಮುಂದೆ?" ಎಂದಳು.