ಒದ್ದೆ ಕಾಲಿಗೆ ನಿಲ್ಲುವ ಮೆಟ್ಟಿಲು

ಸಿದ್ದಾಪುರದ ನಮ್ಮ ಮನೆಗೆ ಸಿಮೆಂಟಿನ ಮಹಡಿ ಬಂದಾಗ ಮೊದಲು ಮೇಲೆ ಹೋದವರು ದೇವರು. ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷ ಆಗಿದ್ದ ಕಾಲ ಅದು. ಪೇಟೆಯ ಮನೆ, ಜಾಗ ಚಿಕ್ಕದು, ಮಕ್ಕಳು ಹೆಚ್ಚಿದ್ದರು. ಅವರಿಗೆ ಮಲಗಲು ಮೇಲೊಂದು ಕೋಣೆ ಬೇಕೇ ಬೇಕಿತ್ತು. ಆದರೆ ಮೇಲೆ ಮನುಷ್ಯರು ಓಡಾಡಿದರೆ ಕೆಳಗಿರುವ ದೇವರ ತಲೆಯ ಮೇಲೆ ನಡೆದಂತಾಯಿತಲ್ಲ. ಹಾಗಾಗಿ ನನ್ನ ಮಾವ ದೇವರ ಕೋಣೆಯನ್ನೂ ಮಹಡಿಗೇ ಒಯ್ದರು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಪೂಜೆ ಮಾವನದು, ಅದನ್ನು ಯಾರಿಗೂ ಬಿಟ್ಟುಕೊಟ್ಟವರಲ್ಲ.

ಮೆಟ್ಟಿಲು ಮಾಡಿದವನು ಕುಮಟೆ ಕಡೆಯ ಮೇಸ್ತ್ರಿ. ಅವನಿಗೂ ಸಿಮೆಂಟಿನ ಮೆಟ್ಟಿಲು ಅದೇ ಹೊಸತು. ಒಳಗಿನ ನೆಲಕ್ಕೆ ಮಾಡುವಂತೆಯೇ ಕೆಂಪು ಬಣ್ಣ ಬೆರೆಸಿ, ಕರಣೆಯಿಂದ ತಿಕ್ಕಿ ತಿಕ್ಕಿ ನುಣುಪು ತಂದ. ಮೇಲಿಂದ ನಾನು ಹಾಲು ಹಿಂಡಿ ಉಳಿದ ತೆಂಗಿನ ಚರಟ ಹಾಕಿ ಉಜ್ಜಿದೆ. ಆ ಹೊಳಪಿಗೆ ಮನೆಯವರೆಲ್ಲ ಹಿಗ್ಗಿದೆವು.

"ತಂಗಿ, ಇನ್ನು ನಿಂಗೆ ಕನ್ನಡಿ ಬೇಡ. ಮೆಟ್ಟಿಲಲ್ಲೇ ಮುಖ ನೋಡ್ಕಂಡು ಕುಂಕುಮ ಇಟ್ಕಳ್ಳಲಕ್ಕು" ಎಂದರು ಮಾವ. ಸೊಸೆಯಾದ ನನ್ನನ್ನು ಅವರು ತಂಗಿ ಎಂದೇ ಕರೆಯುತ್ತಿದ್ದರು.

ಮಾವ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಮಿಂದು, ಒದ್ದೆ ಪಂಚೆ ಉಟ್ಟುಕೊಂಡು, ಒಂದು ಕೈಯಲ್ಲಿ ನೀರಿನ ತಾಮ್ರದ ಕೊಡ, ಇನ್ನೊಂದರಲ್ಲಿ ಹೂವಿನ ಹರಿವಾಣ ಹಿಡಿದು ಹತ್ತುತ್ತಿದ್ದರು. ಪಂಚೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಗೋಡೆ ಹಿಡಿಯಲು ಕೈ ಖಾಲಿ ಇಲ್ಲ, ಕಣ್ಣು ಮಂಜು. ಒಂದು ದಿನ ಕಾಲು ಜಾರಿ ಕೂತಲ್ಲಿಂದಲೇ ಕೆಳಗೆ ಬಂದರು. ಕೊಡ ಅವರಿಗಿಂತ ಮುಂಚೆ ಬಂತು. ನಾನು ಓಡಿ ಕೈ ಚಾಚಿದೆ.

"ಮುಟ್ಟಡ ತಂಗಿ. ಮತ್ತೊಂದ್ಸಲ ಮೀಯವಾಗ್ತು."

ಮಡಿಯಲ್ಲಿದ್ದವರನ್ನು ನಾನು ಹೇಗೆ ಮುಟ್ಟಲಿ? ಅವರು ತಾವೇ ಗೋಡೆ ಹಿಡಿದು ಎದ್ದರು. ಸೊಂಟ ಉಳಿಯಿತು, ಅದೊಂದು ಪುಣ್ಯ. ಕೊಡಕ್ಕೆ ಮಾತ್ರ ತಗ್ಗು ಬಿತ್ತು.

ನನ್ನ ಯಜಮಾನರು ಶಾಲೆಯಲ್ಲಿ ಮಾಸ್ತರರು. "ಅಪ್ಪಯ್ಯ, ನಾಳೆಯಿಂದ ನೀರು ಆನು ತಂದ್ಕೊಡ್ತೆ" ಎಂದರು.

"ನೀನು ಶಾಲೆ ನೋಡ್ಕ. ಎನ್ನ ದೇವರಿಗೆ ಎನ್ನ ಕೈ ನೀರು."

ಮೆಟ್ಟಿಲ ಮೇಲೆ ಗೋಣಿ ಹಾಸಿದೆ. ಮಾವ ಕೆಳಗೇ ನಿಂತುಬಿಟ್ಟರು; ಮಡಿಯಲ್ಲಿ ಗೋಣಿ ತುಳಿಯುವಂತಿಲ್ಲ. ನಾರಿನ ಚಾಪೆ ಹಾಕಿದರೆ ಅದು ನೀರು ಕುಡಿದು ನುಣುಪು ಸಿಮೆಂಟಿನ ಮೇಲೆ ಕಾಲಡಿಯಲ್ಲೇ ಸರಿಯುತ್ತಿತ್ತು, ಇನ್ನೂ ಅಪಾಯ. ಎರಡನ್ನೂ ಸುತ್ತಿ ಅಟ್ಟಕ್ಕೆ ಹಾಕಿದೆ.

ಮೇಸ್ತ್ರಿಯನ್ನು ಕರೆಸಿದೆವು. ಅವನು ಉಳಿ ಸುತ್ತಿಗೆ ಹಿಡಿದು ಎಲ್ಲ ಮೆಟ್ಟಿಲಿಗೂ ಚಚ್ಚು ಹೊಡೆದ. ದೋಸೆಯ ಕಣ್ಣುಗಳ ಹಾಗೆ ತಗ್ಗು ಬಿದ್ದವು. ಬೇಸಿಗೆ ಕಳೆಯುವವರೆಗೆ ಕಾಲು ನಿಂತಿತು. ಆಷಾಢದಲ್ಲಿ ಆ ತಗ್ಗುಗಳಲ್ಲೇ ಪಾಚಿ ಹಿಡಿಯಿತು. ಬೂದಿ ಹಾಕಿ ತಿಕ್ಕಿದೆ; ತಿಕ್ಕಿದಷ್ಟೂ ತಗ್ಗಿನ ಅಂಚು ಸವೆದು ಮತ್ತೆ ನುಣುಪಾಯಿತು. ತಿಕ್ಕದಿದ್ದರೆ ಪಾಚಿ, ತಿಕ್ಕಿದರೆ ನುಣುಪು. ನಾನು ಯಾವುದನ್ನು ಮಾಡಲಿ? ಕೆಲವು ದಿನ ಪೊರಕೆ ಹಿಡಿದು ಸುಮ್ಮನೆ ಕೂತಿದ್ದುಂಟು.

ಮಾರನೇ ವರ್ಷ ಮೇಸ್ತ್ರಿ ಹೊಳೆಯ ದಪ್ಪ ಮರಳನ್ನು ಸಿಮೆಂಟಿಗೆ ಕಲಸಿ ಮೇಲೊಂದು ಪದರ ಎಳೆದ. ಅದು ಹಳೆಯ ನುಣುಪನ್ನು ಹಿಡಿದುಕೊಳ್ಳಲೇ ಇಲ್ಲ. ಮಳೆ ಮುಗಿಯುವಷ್ಟರಲ್ಲಿ ಹಪ್ಪಳದಂತೆ ಎದ್ದಿತು. ಅದರ ಅಂಚು ತಾಗಿ ಮಾವನ ಹೆಬ್ಬೆರಳು ಕೊಯ್ಯಿತು. ನಾನು ದೂರದಿಂದ ಅರಿಸಿನದ ಬಟ್ಟಲು ನೂಕಿದೆ, ಅವರೇ ಹಚ್ಚಿಕೊಂಡರು.

"ಮೆಟ್ಟಿಲಿಗೆ ಕಜ್ಜಿ ಬಂಜಲ ಮಾರಾಯ" ಎಂದರು ಮೇಸ್ತ್ರಿಗೆ.

"ಒಡೆಯಾ, ಸಿಮೆಂಟು ನಾನೇನು ಕಮ್ಮಿ ಹಾಕಲಿಲ್ಲ."

"ನೀ ಹಾಕಿದ್ದೆ, ಅದು ಕೂರಲಿಲ್ಲೆ. ಬೀಗರ ಮನೆಗೆ ಬಂದವರ ಹಾಂಗೆ ಮೂರು ದಿನಕ್ಕೆ ಎದ್ದು ಹೊಂಟತ್ತು."

ಮೇಸ್ತ್ರಿ ನಕ್ಕ, ಆದರೆ ಮುಖ ಸಣ್ಣದಾಗಿತ್ತು. ಮೇಲೆ ಬಳಿದದ್ದು ನಿಲ್ಲುವುದಿಲ್ಲ, ಒಳಗೆ ಹುಗಿಯಬೇಕು ಎಂಬುದು ಅವನಿಗೂ ನಮ್ಮ ಯಜಮಾನರಿಗೂ ಅವತ್ತು ಜಗಲಿಯಲ್ಲಿ ವಾದ ಮಾಡುತ್ತ ಮಾಡುತ್ತ ಹೊಳೆದದ್ದು. ಪ್ರತಿ ಮೆಟ್ಟಿಲ ಮುಂದಿನ ಅಂಚಿಗೆ, ಪಾದ ಬೀಳುವ ಕಡೆ, ಉದ್ದಕ್ಕೂ ಕಾಲುವೆ ಕೊರೆಯುವುದು. ಬಾಯಿ ಕಿರಿದು, ತಳ ಅಗಲ, ತುಂಬಿದ್ದು ಎದ್ದು ಬರಬಾರದು ಎಂದು. ರಸ್ತೆಗೆ ಒಡೆಯುವ ಕರಿಕಲ್ಲಿನ ಸಣ್ಣ ಚೂರನ್ನು ಸಿಮೆಂಟಿನೊಂದಿಗೆ ಅದರಲ್ಲಿ ಗಿಡಿದು ತುಂಬುವುದು. ಪೂರ್ತಿ ಗಟ್ಟಿಯಾಗುವ ಮೊದಲು ನಾರಿನ ಬ್ರಷ್ಷಿನಲ್ಲಿ ಮೇಲಿನ ಸಿಮೆಂಟು ತೊಳೆದರೆ ಕಲ್ಲಿನ ಮೂತಿ ಹೊರಗೆ ಉಳಿಯುತ್ತದೆ. ಸವೆದರೂ ಸಿಮೆಂಟು ಮೊದಲು ಸವೆಯುತ್ತದೆ, ಕಲ್ಲು ಎದ್ದೇ ಇರುತ್ತದೆ. ನೀರು ಹೊರಗೆ ಹರಿಯಲೆಂದು ಮೆಟ್ಟಿಲಿಗೆ ಅತಿ ಸಣ್ಣ ಇಳಿಜಾರನ್ನೂ ಕೊಟ್ಟರು.

ಕೆಲಸವೇನೋ ಆಯಿತು. ಆದರೆ ಅದು ನೀರು ಕುಡಿದು ಬಲಿಯುವವರೆಗೆ ಯಾರೂ ಕಾಲಿಡಬಾರದು. ಪೂಜೆ ನಿಲ್ಲಿಸುವಂತಿಲ್ಲ. ಮೇಲೆ ಯಾರೂ ಹತ್ತದಿದ್ದರೆ ದೇವರ ತಲೆಯ ಮೇಲೆ ನಡೆಯುವವರೂ ಇಲ್ಲವಲ್ಲ ಎಂದು ಮಾವನೇ ಮೊದಲೇ ದಾರಿ ಕಂಡುಕೊಂಡಿದ್ದರು. ಕೆಲಸಕ್ಕೆ ಮುಂಚೆಯೇ ದೇವರು ನಡುಮನೆಗೆ ಇಳಿದಿದ್ದರು, ಮಕ್ಕಳು ಜಗಲಿಯಲ್ಲಿ ಒಬ್ಬರ ಮೇಲೊಬ್ಬರು ಮಲಗಿದರು. ಆ ದಿನಗಳಲ್ಲಿ ನನ್ನ ಎದೆ ಎಷ್ಟು ಹಗುರವಾಗಿತ್ತು. ಮಾವ ಮಿಂದು ಬಂದು ಸಮನೆಲದಲ್ಲಿ ನಡೆದು ಮಣೆಯ ಮೇಲೆ ಕೂರುವರು. ನಾನು ಒಳಗೆ ನಿಶ್ಚಿಂತೆಯಿಂದ ಸಾರು ಕುದಿಸಿದೆ.

"ಹೀಂಗೇ ಇದ್ರಾಗ್ತಿಲ್ಯ ಮಾವ?" ಎಂದು ಕೇಳಿಯೂ ಕೇಳಿದೆ.

"ಮಕ್ಕ ಎಷ್ಟು ದಿನ ಜಗಲಿಲಿ ಮಲಗ್ತ? ಚಳಿ ಬಂತಲೆ."

ಮೆಟ್ಟಿಲು ಬಲಿತ ಮೇಲೆ ನಮ್ಮ ಯಜಮಾನರು ಮಡಿಯುಟ್ಟು ದೇವರನ್ನಿಟ್ಟ ಸಂಪುಟದ ಪೆಟ್ಟಿಗೆ ಹಿಡಿದು ಮುಂದೆ ಹತ್ತಿದರು. ಹಿಂದೆ ಮಾವ, ಕೊಡದೊಂದಿಗೆ. ನಾನು ಕೆಳಗೆ ನಿಂತು ಅವರ ಹಿಮ್ಮಡಿಯನ್ನೇ ನೋಡುತ್ತಿದ್ದೆ. ಪಾದ ಇಟ್ಟಲ್ಲಿ ಇಟ್ಟ ಹಾಗೇ ನಿಂತಿತು, ನೀರು ಬಿದ್ದರೂ ಅಲ್ಲಾಡಲಿಲ್ಲ. ಅರ್ಧಕ್ಕೆ ಬಂದವರು ನಿಂತರು.

"ಎಂತ ಆತು ಅಪ್ಪಯ್ಯ? ಜಾರ್ತ?"

"ಜಾರ್ತಿಲ್ಲೆ ಮಾಣಿ. ಕಾಲು ಏಳ್ತಿಲ್ಲೆ."

ಕೊಡವನ್ನು ಮೆಲ್ಲಗೆ ಮೆಟ್ಟಿಲ ಮೇಲಿಟ್ಟು ಅಲ್ಲೇ ಕೂತರು. ಹನಿ ನೀರೂ ಚೆಲ್ಲಲಿಲ್ಲ. "ನೀರು ನೀನೇ ಒಯ್ಯಿ. ಇವತ್ತು ನೀ ಮಾಡು" ಎಂದರು. ಮೇಲೆ ಗಂಟೆ ಕೇಳಿದಾಗ ಕೂತಲ್ಲಿಂದಲೇ ಕೈ ಮುಗಿದರು. ಆಮೇಲೆ ಎರಡೂ ಕೈಯಲ್ಲಿ ಮೊಣಕಾಲು ತಿಕ್ಕಿಕೊಂಡರು. ಹತ್ತಿರ ಹೋಗಿ ಹಿಡಿಯುವಂತಿಲ್ಲ, ನೋಡದೆ ಇರುವಂತಿಲ್ಲ.

ಡಾಕ್ಟರರು ಬಂದು ಮೊಣಕಾಲ ಗಂಟು ಸವೆದಿದೆ, ವಯಸ್ಸಿನದು ಎಂದು ಹೇಳಿ ಎಣ್ಣೆ ಕೊಟ್ಟು ಹೋದರು. ದೇವರನ್ನು ಇಳಿಸಲು ಮಾವ ಕೊನೆಗೂ ಒಪ್ಪಲಿಲ್ಲ. ದಿನವೂ ಮಿಂದು ಬಂದು ಕಾಲು ಕೊಟ್ಟಷ್ಟು ಹತ್ತುವರು, ಸೋತಲ್ಲಿ ಕೂರುವರು. ಕೆಲವು ದಿನ ನಡುವಿನವರೆಗೆ, ಕೆಲವು ದಿನ ಮೊದಲ ಮೆಟ್ಟಿಲೇ ಕೊನೆ. ನಮ್ಮ ಯಜಮಾನರು ತೀರ್ಥ ತಂದು ಅಲ್ಲಿಯೇ ಕೊಡುವರು.

ಮಾವ ಬೀಳದಿರಲಿ ಎಂದು ನಾನು ದಿನವೂ ಬೇಡಿಕೊಂಡಿದ್ದೆ. ಅದನ್ನು ದೇವರು ನಡೆಸಿಕೊಟ್ಟ, ಇಲ್ಲವೆಂದರೆ ನಾಲಗೆಗೆ ಹುಳ ಬಿದ್ದೀತು. ಇನ್ನೇನು ಬೇಡಬೇಕೆಂದು ತೋಚದೆ, ಅವರು ಮಡಿಯಲ್ಲಿ ಕೂತ ಮೆಟ್ಟಿಲೊಂದನ್ನು ಬಿಟ್ಟು ಉಳಿದವನ್ನು ತೊಳೆಯುತ್ತಿದ್ದೆ.