ಹೆಸರಿನ ಜಾಗದಲ್ಲಿ ಇಟ್ಟ ಚುಕ್ಕೆಗಳು

ಮೊಮ್ಮಕ್ಕಳೇ, ನಿಮ್ಮ ಅಮ್ಮನ ಕೆಲಸ ಏನೆಂದು ಯಾರಾದರೂ ಕೇಳಿದರೆ ನಾನು 'ಕಂಪ್ಯೂಟರ್' ಎಂದಷ್ಟೇ ಹೇಳಿ ಒಳಗೆ ಹೋಗುತ್ತಿದ್ದೆ. ಮಣಿಪಾಲದ ಈ ಮನೆಯಲ್ಲಿ ಅವಳ ಪಕ್ಕ ಕುಳಿತು ಹರಿವೆ ಸೊಪ್ಪು ಬಿಡಿಸುತ್ತಾ ಸ್ವಲ್ಪ ತಿಳಿದುಕೊಂಡೆ. ಕಂಪ್ಯೂಟರಿನಲ್ಲಿ ಬರೆಯಲು ಎಡಿಟರ್ ಇರುತ್ತದೆ. ಅದಕ್ಕೆ ಜೋಡಿಸುವ ಸಣ್ಣ ಭಾಗ ಪ್ಲಗಿನ್. ಅವಳು ಮಾಡುತ್ತಿದ್ದ ಪ್ಲಗಿನ್, ಫೈಲುಗಳನ್ನು ಸಾಗಿಸುವುದು, ಹೆಸರು ಬದಲಿಸುವುದು, ಅಳಿಸುವುದು ಎಲ್ಲವನ್ನೂ ಎಡಿಟರಿನ ಒಳಗಿಂದಲೇ ಮಾಡಬೇಕು. ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ಒಂದೇ ರೀತಿ ಮಾಡಬೇಕು.

ನಿಮಗೆಂದು ನಾನು ಬರೆದ ನೆನಪುಗಳು ವಿಂಡೋಸ್ ಇದ್ದ ಹಳೆಯ ಕಂಪ್ಯೂಟರಿನಲ್ಲಿದ್ದವು. ಅದು ಕೆಡುವ ಹಾಗಾದಾಗ ಅವಳು ಆ ಫೋಲ್ಡರನ್ನು ತನ್ನ ಲಿನಕ್ಸ್ ಲ್ಯಾಪ್‌ಟಾಪಿಗೆ ಹಾಕಿಕೊಂಡು, ಹಳೆಯದನ್ನು ಗುಜರಿಗೆ ಕೊಟ್ಟಳು. ಒಂದು ಭಾನುವಾರ, ಜೊತೆಯಲ್ಲಿ ಕೆಲಸ ಮಾಡುವ ಕಾರ್ಕಳದ ಗೆಳತಿ ಬಂದಿದ್ದಾಗ, ಪ್ಲಗಿನ್ನಿನ ಪರೀಕ್ಷೆಗೆ ನನ್ನ ಬರಹವನ್ನೇ ತೆಗೆದುಕೊಂಡಳು. ಫೈಲುಗಳೆಲ್ಲ ಹೊಸ ಫೋಲ್ಡರಿಗೆ ಹೋದವು. ಗೆಳತಿ ಅವುಗಳ ಹೆಸರು ಓದಿದಳು.

"ಆಂಟಿ, ಶಾಲೆ ಉಂಟು, ಪೆರ್ಡೂರಿನ ದೊಡ್ಡಮ್ಮ ಉಂಟು, ಎಮ್ಮೆಯೂ ಉಂಟು. ಅಂಕಲ್ ಎಲ್ಲಿ? ಎಮ್ಮೆಗಿಂತ ಕಡೆಯಾದ್ರಾ?"

ನಿಮ್ಮ ಅಮ್ಮ ನಗಲಿಲ್ಲ. "ಅಪ್ಪನ ಬಗ್ಗೆ ಎಂತದ್ದೂ ಬರೀಲಿಲ್ವಾ ಅಮ್ಮ?"

ಬರೆದಿದ್ದೆ. ಎಲ್ಲಕ್ಕಿಂತ ಹೆಚ್ಚು ಬರೆದದ್ದು ಅದನ್ನೇ. ಪರದೆಯ ಮೇಲೆ ಅವು ಏಕೆ ಇಲ್ಲವೆಂದು ತಿಳಿಯಲಿಲ್ಲ. ಕೇಳಬೇಕಾದರೆ ಅವಕ್ಕೆ ಏನು ಹೆಸರಿಟ್ಟಿದ್ದೆ ಎಂದು ಹೇಳಬೇಕಿತ್ತು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುತ್ತಿರಲಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರೇ ಹೇಳುತ್ತಿದ್ದರು. ನನ್ನವರು ತೀರಿಕೊಂಡ ಮೇಲೂ ನನಗೆ ಆ ಹೆಸರನ್ನು ಬರೆಯಲು ಕೈ ಬರಲಿಲ್ಲ. ಫೈಲಿಗೆ ಹೆಸರಿಡುವಾಗಲೂ ಅವರ ಹೆಸರಿನ ಜಾಗದಲ್ಲಿ ಚುಕ್ಕೆಗಳನ್ನು ಇಟ್ಟಿದ್ದೆ. ಇಷ್ಟು ಕಲಿತ ಆ ಗೆಳತಿಯ ಎದುರು ಅದನ್ನು ಹೇಗೆ ಹೇಳಲಿ? ಸೊಪ್ಪಿನ ದಂಟು ಮುರಿಯುತ್ತಾ ಕುಳಿತೆ.

"ಆಯ್ತು ಬಿಡು," ಎಂದಳು ನಿಮ್ಮ ಅಮ್ಮ. ದನಿ ಸಣ್ಣದಾಗಿತ್ತು. ಆಮೇಲೆ ಗೆಳತಿಗೆ, "ಹಳೆ ಫೋಲ್ಡರ್ ಈಗ ಖಾಲಿ. ಅಳಿಸಿ ನೋಡುವ. ಇದರಲ್ಲಿ ಅಳಿಸಿದ್ರೆ ಕಸದ ಬುಟ್ಟಿಗೂ ಹೋಗುವುದಿಲ್ಲ, ಹೋಯ್ತೆಂದ್ರೆ ಹೋಯ್ತು."

ಹೊಸದಕ್ಕೆ ಬಾರದವು ಹಳೆಯದರಲ್ಲೇ ಉಳಿದಿರಬೇಕು ಎಂದು ಹೊಳೆಯಿತು. "ತಡಿ ಮಗಾ," ಎಂದೆ. "ಅದು ಖಾಲಿ ಅಲ್ಲ. ಅವರು ಅದರಲ್ಲಿ ಇದ್ದಾರೆ."

"ಯಾರು?"

"ನಿನ್ನ ಅಪ್ಪ."

ಅವಳು ಏನೋ ಒತ್ತಿದಳು. ಕಾಣದಿದ್ದ ಫೈಲುಗಳು ಸಾಲಾಗಿ ಬಂದವು. ಗೆಳತಿ ಗಟ್ಟಿಯಾಗಿ ಓದಿದಳು: "ಚುಕ್ಕೆ ಚುಕ್ಕೆ ಚುಕ್ಕೆ ಕಾಪುವಿನ ಹೊಲಿಗೆ ಅಂಗಡಿ. ಚುಕ್ಕೆ ಚುಕ್ಕೆ ಚುಕ್ಕೆ ಆಸ್ಪತ್ರೆಯಲ್ಲಿ. ಇದೆಂತ ಆಂಟಿ?"

ನಿಮ್ಮ ಅಮ್ಮನಿಗೆ ಅರ್ಥವಾಗಿತ್ತು. ಚುಕ್ಕೆಯಿಂದ ಶುರುವಾಗುವ ಹೆಸರನ್ನು ಲಿನಕ್ಸ್ ಅಡಗಿಸಿಡುತ್ತದಂತೆ. ವಿಂಡೋಸ್ ಹಾಗೆ ಮಾಡುವುದಿಲ್ಲವಂತೆ. ಅಡಗಿದ್ದನ್ನು ಅವಳ ಪ್ಲಗಿನ್ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

"ಒಂದು ಗುಂಡಿ ಒತ್ತಿದ್ರೆ ಎಲ್ಲ ಹೋಗ್ತಿತ್ತು ಅಮ್ಮ. ಬಾಯಿ ಬಿಟ್ಟು ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ?"

"ಬೈಬೇಡ ಮಾರಾಯ್ತಿ," ಎಂದಳು ಗೆಳತಿ. "ನಮಗೆ ಕಾಣದ ತಪ್ಪು ಆಂಟಿಯಿಂದ ಸಿಕ್ಕಿತಲ್ಲ."

ಆ ಹೊಗಳಿಕೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಹುಡುಗಿಯೊಬ್ಬಳು ನಕ್ಕಾಳು ಎಂಬ ಒಂದೇ ಅಂಜಿಕೆಗೆ, ಅವರನ್ನು ಅಳಿಸುವ ಹಂತದವರೆಗೂ ಸೊಪ್ಪು ನೋಡುತ್ತಾ ಕುಳಿತಿದ್ದೆನಲ್ಲ.

ಏನನ್ನಾದರೂ ಅಳಿಸುವ ಮೊದಲು ಅಡಗಿದ ಫೈಲುಗಳಿವೆಯೇ ಎಂದು ನೋಡಿ, ತೋರಿಸಿ, ಕೇಳುವಂತೆ ನಿಮ್ಮ ಅಮ್ಮ ಪ್ಲಗಿನ್ ತಿದ್ದಿದಳು. ಗೆಳತಿ ಹೋದ ಮೇಲೆ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, "ಇದಕ್ಕೆಲ್ಲ ಅಪ್ಪನ ಹೆಸರು ಹಾಕು. ಯಾವ ಕಂಪ್ಯೂಟರಿನಲ್ಲೂ ಕಾಣಲಿ," ಎಂದು ಒಳಗೆ ಹೋದಳು. ಮೊದಲ ಅಕ್ಷರ ಒತ್ತಿದೆ. ಮುಖ ಬಿಸಿಯಾಯಿತು, ಅಳಿಸಿದೆ. ಆಮೇಲೆ 'ನಿಮ್ಮ ಅಜ್ಜ' ಎಂದು ಬರೆದೆ. ಹೆಸರನ್ನು ಅಮ್ಮನಲ್ಲಿ ಕೇಳಿಕೊಳ್ಳಿ.