ನೈಋತ್ಯಕ್ಕೆ ಹರಿದ ನೀರು

ಗೋಡೆ ಬೀಳುವಾಗ ದೊಡ್ಡ ಸದ್ದಾಗುತ್ತದೆ ಎಂದುಕೊಂಡಿದ್ದೆ. ಅವತ್ತು ನನಗೆ ಕೇಳಿಸಿದ್ದು, ಒದ್ದೆ ಮೂಟೆಯೊಂದನ್ನು ನೆಲಕ್ಕೆ ಇಳಿಸಿದಂಥ ಮಂದ ಸದ್ದು ಮಾತ್ರ. ಈಗಲೂ ಮಳೆ ನಿಂತ ಮೇಲೆ ಯಾರದಾದರೂ ಕಾಂಪೌಂಡಿನ ಪಕ್ಕ ಹಾದುಹೋಗಬೇಕಾದರೆ ನಾನು ರಸ್ತೆಯ ಮಧ್ಯಕ್ಕೆ ಸರಿಯುತ್ತೇನೆ. ಜೊತೆಯಲ್ಲಿದ್ದವರು ನಗುತ್ತಾರೆ. ನಗಲಿ.

ಎಪ್ಪತ್ತರ ದಶಕದ ನಡುಭಾಗ. ವಿಜಯನಗರದಲ್ಲಿ ಮನೆ ಕಟ್ಟಿಸಿಕೊಂಡು ಬಂದ ಹೊಸತು. ಸುತ್ತ ಇನ್ನೂ ಅಲ್ಲಲ್ಲಿ ರಾಗಿ ಹೊಲದ ತುಂಡುಗಳು ಉಳಿದಿದ್ದವು. ನಮ್ಮದು ಮೂಲೆ ಸೈಟು, ಪಡುವಲಿಗೆ ಅಡ್ಡರಸ್ತೆ. ಅದು ನಮ್ಮ ಹಿತ್ತಲಿಗಿಂತ ಎದೆಮಟ್ಟ ತಗ್ಗಿನಲ್ಲಿತ್ತು, ಅದರ ಅಂಚಿಗೆ ಕಲ್ಲು ಕಟ್ಟಿದ ಮೋರಿ. ನೆಲ ಅಪ್ಪಟ ಜೇಡಿಮಣ್ಣು. ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಡುತ್ತಿದ್ದ ಅದು, ಎರಡು ಮಳೆ ಬಿದ್ದರೆ ಸಾಕು, ಒಂದು ಹನಿಯನ್ನೂ ಕುಡಿಯುತ್ತಿರಲಿಲ್ಲ. ನೀರು ನಿಂತಲ್ಲೇ ನಿಲ್ಲುತ್ತಿತ್ತು. “ಈ ಮಣ್ಣು ಚಪ್ಪಲಿ ಕಳ್ಳ ಕಣೋ,” ಎನ್ನುತ್ತಿದ್ದಳು ಅಮ್ಮ.

ಆ ವರ್ಷ ಅಕ್ಕ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಬಚ್ಚಲು, ಕಕ್ಕಸು ಎರಡೂ ಹಿತ್ತಲಿನ ನೈಋತ್ಯ ಮೂಲೆಯಲ್ಲಿ. ದಿನಕ್ಕೆ ಎಷ್ಟೋ ಸಲ ಅವಳು ಆ ಕೆಸರು ದಾಟಬೇಕು. ಜಾರಿದರೆ? ಮನೆಯವರಿಗೆಲ್ಲ ಅದೊಂದೇ ಭಯ. ಮಳೆಗಾಲ ಹಿಡಿಯುವಷ್ಟರಲ್ಲಿ ಹಿತ್ತಲು ಸರಿಹೋಗಬೇಕು ಎಂದು ಅಮ್ಮ ಪಟ್ಟು ಹಿಡಿದಳು.

ಸರಿಮಾಡಲು ಅಪ್ಪನಿಗೂ ಮನಸ್ಸಿತ್ತು. ಆದರೆ ಮನೆಯ ನೀರು ಈಶಾನ್ಯಕ್ಕೇ ಹರಿಯಬೇಕು, ನೈಋತ್ಯ ಎತ್ತರವಿರಬೇಕು ಎಂಬುದರಲ್ಲಿ ಅವರಿಗೆ ಎರಡು ಮಾತಿರಲಿಲ್ಲ. ನಮ್ಮ ನೆಲದ ಇಳಿಜಾರು ಸರಿಯಾಗಿ ಅದಕ್ಕೆ ತಿರುಗುಮುರುಗು. ಅಪ್ಪ ಗಾಡಿಗಟ್ಟಲೆ ಕೆಮ್ಮಣ್ಣು ತರಿಸಿ, ಪಡುವಣ ಕಾಂಪೌಂಡಿಗೆ ಒತ್ತಿ ತುಂಬಿಸಿ, ನೈಋತ್ಯವನ್ನು ಮೇಲೆತ್ತಿದರು. ಯಾವುದೋ ವಸ್ತುಪ್ರದರ್ಶನ ಮುಗಿದಾಗ ಬಿಚ್ಚಿಹಾಕಿದ್ದ ಹಸಿರು ಬಣ್ಣದ ತೆಂಗಿನನಾರಿನ ಹಾಸನ್ನು ತಂದು ಅದರ ಮೇಲೆ ಹಾಸಿದರು. ದೂರದಿಂದ ಥೇಟ್ ಹುಲ್ಲು.

“ಏನ್ರೀ ಇದು, ರಾತ್ರೋರಾತ್ರಿ ಲಾನ್ ಬೆಳೆಸಿಬಿಟ್ರಲ್ಲಾ!” ಎಂದರು ಎದುರುಮನೆಯಾಕೆ. ಬೀದಿಯ ಹಸುವೊಂದು ಗೇಟು ತಳ್ಳಿಕೊಂಡು ಬಂದು ಅದರ ಅಂಚನ್ನು ಜಗಿದು, ಬಾಯಲ್ಲಿ ನಾಲ್ಕು ಎಳೆ ನಾರು ನೇತಾಡಿಸಿಕೊಂಡು, ಬೈಯುವವರಂತೆ ನಮ್ಮನ್ನು ನೋಡಿ ಹೊರಟುಹೋಯಿತು.

“ಹಸೂಗೂ ಟೋಪಿ ಹಾಕಿದ್ರಲ್ಲಪ್ಪಾ,” ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. “ನಗಿಸ್ಬೇಡಿ, ಇಲ್ಲೇ ಆಗ್ಬಿಡುತ್ತೆ.”

ಮೊದಲ ಮಳೆಗಳಲ್ಲಿ ಹಾಸಿನ ಮೇಲೆ ನೀರು ನಿಲ್ಲಲಿಲ್ಲ. ಅದು ಕೆಮ್ಮಣ್ಣಿನೊಳಗೆ ಇಳಿದು, ಕೆಳಗಿನ ಜೇಡಿಮಣ್ಣಿಗೆ ತಾಗಿ, ಅದರ ಹಳೆಯ ಇಳಿಜಾರಿನಲ್ಲೇ ಜಾರಿಕೊಂಡು ಹೋಗಿ ಕಾಂಪೌಂಡಿನ ಬುಡದಲ್ಲಿ ಕೂಡುತ್ತಿತ್ತು. ಅಲ್ಲಿಂದ ಹೊರಹೋಗಲು ಅದಕ್ಕೆ ಒಂದು ಕಂಡಿಯೂ ಇರಲಿಲ್ಲ. ಇದೆಲ್ಲ ನಮಗೆ ತಿಳಿದದ್ದು ಆಮೇಲೆ.

ಜೋರು ಮಳೆಯ ಮರುದಿನ ಬೆಳಿಗ್ಗೆ. ಬಿಎಸ್ಸಿ ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದ ನಾನು ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಕಾಫಿ ಹಿಡಿದು ಕೂತಿದ್ದೆ. ಅಕ್ಕ ಚೊಂಬು ಹಿಡಿದು ಬಚ್ಚಲ ಕಡೆ ಹೊರಟಳು. ಮೆಟ್ಟಿಲಿನಿಂದ ಹಾಸಿನವರೆಗೆ ಒಂದಿಷ್ಟು ಬರಿಯ ಜೇಡಿನೆಲ. ಹಾಸಿನ ಅಂಚಿಗೆ ಇನ್ನೊಂದು ಹೆಜ್ಜೆಯಿದೆ ಎನ್ನುವಾಗ ಅವಳ ಎಡಗಾಲಿನ ಚಪ್ಪಲಿ ಮಣ್ಣಿಗೆ ಕಚ್ಚಿಕೊಂಡಿತು.

“ಬಿಡೋ ದರಿದ್ರವೇ, ಬಿಡೋ ನನ್ನ ಚಪ್ಪಲೀನ!”

ನಾನು ನಕ್ಕೆ. ನಗುತ್ತಲೇ ಅವಳಾಚೆಗಿನ ಗೋಡೆಯನ್ನು ನೋಡಿದೆ. ಅದು ರಸ್ತೆಯ ಕಡೆಗೆ ವಾಲುತ್ತಿತ್ತು. ಹಸಿರು ಹಾಸನ್ನು ಯಾರೋ ಕೆಳಗಿನಿಂದ ಎಳೆದುಕೊಂಡಂತಾಯಿತು. ಕಲ್ಲು, ಕೆಮ್ಮಣ್ಣು, ಹಾಸು ಎಲ್ಲವೂ ಒಟ್ಟಿಗೆ ರಸ್ತೆಗೆ ಕುಸಿದವು. ಬಚ್ಚಲು ಮೂಲೆಯಲ್ಲಿ ಹಾಗೇ ಉಳಿದಿತ್ತು, ಅಕ್ಕನ ಎದುರು ಮಾತ್ರ ನೆಲವೇ ಇರಲಿಲ್ಲ. ಒಂದು ಕಾಲು ಮಣ್ಣಿನಲ್ಲಿ ಸಿಕ್ಕಿಕೊಂಡು, ಕೈಯಲ್ಲಿ ಚೊಂಬು ಹಾಗೆಯೇ ಹಿಡಿದು ಅವಳು ನಿಂತಿದ್ದಳು.

ನಾನು ಕಾಫಿ ಲೋಟ ಹಿಡಿದು ಕೂತೇ ಇದ್ದೆ. ನನ್ನನ್ನು ದಾಟಿಕೊಂಡು ಇಳಿದವಳು ಅಮ್ಮ. “ಅಲ್ಲಾಡ್ಬೇಡ ಕಣೇ. ಅಲ್ಲೇ ಇರು, ಬಂದೆ.” ಕಿರುಚಲಿಲ್ಲ, ಹಾಲು ಉಕ್ಕೀತು ನೋಡಿಕೋ ಎನ್ನುವ ದನಿ. ಬರಿಗಾಲಿನಲ್ಲಿ ನೆಲವನ್ನು ಅದುಮಿ ಅದುಮಿ ನೋಡುತ್ತಾ ಹೋಗಿ, ಹಿಂದಿನಿಂದ ತಬ್ಬಿ, ಚಪ್ಪಲಿಯನ್ನು ಮಣ್ಣಿಗೇ ಬಿಟ್ಟು, ಅವಳನ್ನು ಹಿಂದೆಹಿಂದೆ ನಡೆಸಿಕೊಂಡು ಬಂದಳು. ಅಮ್ಮನ ಆ ನಡಿಗೆಯನ್ನು ನೆನೆದಾಗ ಇವತ್ತಿಗೂ ನನ್ನ ಎದೆ ಉಬ್ಬುತ್ತದೆ.

ಮಧ್ಯಾಹ್ನ, ನೀರನ್ನು ಅದರ ಇಳಿಜಾರಿಗೇ ಬಿಡಿ ಎಂದು ಅಮ್ಮ ಹೇಳಿದಾಗ, ಅಪ್ಪ ಮೆಲ್ಲಗೆ ಬಾಯಿಬಿಟ್ಟರು. “ನೈಋತ್ಯಕ್ಕೆ ನೀರು ಬಿಟ್ರೆ ಮನೆಗೆ ಕೇಡು ಅಂತಾರಲ್ಲೇ...”

“ಈಶಾನ್ಯ ನಿಮ್ಮ ದೇವರಿಗಿರಲಿ ರೀ. ನೈಋತ್ಯದಲ್ಲಿ ನನ್ನ ಮಗಳು ಓಡಾಡ್ತಾಳೆ.”

ಅಂಗಿಯಿಲ್ಲದೆ ಹಾಲು ತರಲೂ ಗೇಟು ದಾಟದ ಅಪ್ಪ ಅಂಗಿ ಬಿಚ್ಚಿ ಮೊಳೆಗೆ ಹಾಕಿದರು. ಪಂಚೆ ಎತ್ತಿ ಕಟ್ಟಿ ಹಾರೆ ಹಿಡಿದರು. ನಾನು ಗುದ್ದಲಿ ತೆಗೆದುಕೊಂಡೆ. ಎದುರುಮನೆಯ ಯಜಮಾನರು ಬಂದು ಇಣುಕಿದರು.

“ಏನ್ ಸಾರ್, ಬಾವೀನಾ?”

“ಮೋರಿ ಸಾರ್. ನೈಋತ್ಯಕ್ಕೆ.”

“ಶಾಸ್ತ್ರ?”

“ಶಾಸ್ತ್ರ ಬರೆದೋರು ಈ ಮಣ್ಣಲ್ಲಿ ಚಪ್ಪಲಿ ಕಳ್ಕೊಂಡಿರ್ಲಿಲ್ಲ ಅನ್ಸುತ್ತೆ.”

ಅವರು ನಗುತ್ತಾ ಹೋಗಿ ಮಣ್ಣು ಹೊರಲು ತಮ್ಮ ಮಂಕರಿಯನ್ನೂ ತಂದರು. ಉಳಿದ ಕೆಮ್ಮಣ್ಣನ್ನು ತೆಗೆದು, ಗಟ್ಟಿ ಜೇಡಿ ಸಿಗುವತನಕ, ಬಚ್ಚಲಿನಿಂದ ಹಿಡಿದು ಬಿದ್ದ ಗೋಡೆಯ ಉದ್ದಕ್ಕೂ ಕಾಲುವೆ ತೋಡಿದೆವು. ಅಮ್ಮ ಚೊಂಬಿನಲ್ಲಿ ನೀರು ಸುರಿದು ನೋಡುವಳು. ನೀರು ಎಲ್ಲಾದರೂ ತಡೆದು ನಿಂತರೆ “ಇಲ್ಲಿ ಇನ್ನೂ ಕೆರೀರಿ” ಎನ್ನುವಳು. ತಳಕ್ಕೆ ಇಟ್ಟಿಗೆ ಚೂರು, ಮೇಲೆ ಜಲ್ಲಿ. ಆ ಹಸಿರು ಹಾಸನ್ನು ರಸ್ತೆಯಿಂದ ಎಳೆದು ತಂದು, ತೊಳೆದು, ಮಣ್ಣು ಇಳಿದು ಕಟ್ಟಿಕೊಳ್ಳದಿರಲೆಂದು ಜಲ್ಲಿಗೆ ಹೊದಿಸಿದೆವು. ಅದರ ಮೇಲೆ ಮಣ್ಣು, ಮಣ್ಣಿಗೆ ನಿಜವಾದ ಗರಿಕೆ. ಗಾರೆಯವರು ಹೊಸ ಗೋಡೆ ಕಟ್ಟುವಾಗ ಬುಡದಲ್ಲಿ ಸಾಲಾಗಿ ಕಂಡಿ ಬಿಟ್ಟರು. ಅಪ್ಪ ಮಾತ್ರ ತುಳಸಿಕಟ್ಟೆಯಿಂದ ಈಶಾನ್ಯಕ್ಕೆ ಬೆರಳಗಲದ ಕಾಲುವೆಯೊಂದನ್ನು ಕೊರೆದುಕೊಂಡರು. ಅಮ್ಮ ಅದಕ್ಕೂ ಒಂದು ಚೊಂಬು ನೀರು ಸುರಿದು ನೋಡಿದಳು.

ಅಕ್ಕನಿಗೆ ಹೆಣ್ಣುಮಗುವಾಯಿತು. ಬಾಣಂತಿಗೆ ಮೊದಲ ಸಲ ನೀರೆರೆದ ದಿನ ಹಂಡೆ ಖಾಲಿಯಾಗುವುದು, ಮತ್ತೆ ತುಂಬುವುದು ನಡೆದೇ ಇತ್ತು. ಮೋರಿಗೆ ಮಳೆಗಿಂತ ದೊಡ್ಡ ಪರೀಕ್ಷೆ ಅದು. ಅಪ್ಪ, ನಾನು ಅಡ್ಡರಸ್ತೆಗೆ ಹೋಗಿ ಕಂಡಿಗಳನ್ನೇ ನೋಡುತ್ತಾ ನಿಂತೆವು. ಒಳಗಿನಿಂದ ಮಗುವಿನ ಅಳುವಿನ ಮೇಲೆ ಅಮ್ಮನ ಕೂಗು: “ಬಂತೇನ್ರೀ?”

ಸೀಗೆಪುಡಿಯ ವಾಸನೆಯ ಬೆಚ್ಚನೆಯ ನೀರು ಕಂಡಿಯಿಂದ ತೊಟ್ಟಿಕ್ಕಿ, ಧಾರೆಯಾಗಿ ರಸ್ತೆಯ ಮೋರಿಗೆ ಬಿತ್ತು.

“ಬಂತು ಕಣೇ! ಬಂತು!” ಇಡೀ ಬೀದಿಗೆ ಕೇಳಿಸುವಂತೆ ಅಪ್ಪ ಕೂಗಿದರು. ಅವರು ಆ ಹೊಸ ಗೋಡೆಗೇ ಬೆನ್ನು ಕೊಟ್ಟು ಒರಗಿ ನಿಂತಿದ್ದರು. ನಾನು ರಸ್ತೆಯ ಮಧ್ಯದಲ್ಲಿದ್ದೆ.